ಸಣ್ಣ ಕಾರು, ಎರೆ ನೆಲದ ದಾರಿ



ಸಿಂಧನೂರಿನಿಂದ ಮಸ್ಕಿ ಹಾದು ಲಿಂಗಸುಗೂರಿಗೆ ಸಣ್ಣ ಕಾರಿನಲ್ಲಿ ಹೋಗಿಬಂದವರು ಮನೆಗೆ ಬಂದು ಮೊದಲು ಕೇಳುವುದು ಕುಡಿಯೋ ನೀರು, ಆಮೇಲೆ ಸೊಂಟಕ್ಕೆ ಹಚ್ಚೋ ಎಣ್ಣೆ. "ಗಾಡಿ ಭಾಳ ಎತ್ತಿ ಹಾಕ್ತೈತ್ರೀ" ಎಂಬ ಮಾತು ಈ ಮೂರೂ ಊರುಗಳ ಗ್ಯಾರೇಜಿನಲ್ಲಿ ದಿನಾ ಕೇಳಿಬರುತ್ತದೆ. ತಪ್ಪು ರಸ್ತೆಯದೋ ಗಾಡಿಯದೋ ಎಂಬ ವಾದ ಬಗೆಹರಿಯುವುದಿಲ್ಲ. ಅಷ್ಟರಲ್ಲಿ ಸಾಹುಕಾರರು ಸೀಟಿಗೆ ದಪ್ಪ ಕವರು, ಸ್ಪ್ರಿಂಗಿನ ನಡುವೆ ರಬ್ಬರ್ ಬಫರು, ಚಂದ ಕಾಣುವ ಅಗಲ ಟೈರು ಎಂದು ಒಂದೊಂದಾಗಿ ಹಾಕಿಸಿರುತ್ತಾರೆ. ದುಡ್ಡು ಹೋಗಿರುತ್ತದೆ, ಕುಲುಕಾಟ ಹಾಗೇ ಇರುತ್ತದೆ. ಎಷ್ಟೋ ಸಲ ಹೆಚ್ಚೂ ಆಗಿರುತ್ತದೆ.

ಸಣ್ಣ ಕಾರಿಗೆ ಏನನ್ನಾದರೂ ಹೊಸದಾಗಿ ಸೇರಿಸುವ ಮೊದಲು, ಶೋರೂಮಿನಿಂದ ಬಂದ ದಿನ ಅದರಲ್ಲಿದ್ದ ಮೆತ್ತಗಿನ ಓಟ ಎಲ್ಲಿ ಕಳೆದುಹೋಯಿತು ಎಂದು ಹುಡುಕಬೇಕು. ಇವತ್ತಿನ ನನ್ನ ಮಾತೆಲ್ಲ ಆ ಹುಡುಕಾಟದ್ದೇ.

ಮೊದಲು ನೆಲದ ಸಂಗತಿ ನೋಡೋಣ. ನಮ್ಮದು ಎರೆ ಭೂಮಿ. ಈ ಕರಿ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಇರುತ್ತದೆ. ಅದು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಸೀಳು ಬಿಡುತ್ತದೆ. ಬೇಸಿಗೆಯಲ್ಲಿ ಎರೆ ಹೊಲದ ಬಿರುಕಿನಲ್ಲಿ ಕೈ ಇಳಿಸಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದೇ ಮಣ್ಣಿನ ಮೇಲೆ ಡಾಂಬರು ಹಾಕಿದಾಗ ರಸ್ತೆಯೂ ವರ್ಷಕ್ಕೊಮ್ಮೆ ಉಸಿರಾಡುತ್ತದೆ, ಒಂದು ಕಡೆ ಎದ್ದು ಇನ್ನೊಂದು ಕಡೆ ಕೂರುತ್ತದೆ. ತುಂಗಭದ್ರಾ ಅಣೆಕಟ್ಟಿನ ನೀರು 1953ರಲ್ಲಿ ಕಾಲುವೆಗೆ ಇಳಿಯಿತು. ಎಡದಂಡೆ ಕಾಲುವೆಯ ಕೆಳಗೆ ಸಿಂಧನೂರು ಸೀಮೆ ಭತ್ತದ ನಾಡಾಯಿತು. ಗದ್ದೆಯಲ್ಲಿ ತಿಂಗಳುಗಟ್ಟಲೆ ನಿಂತ ನೀರು ಪಕ್ಕದ ರಸ್ತೆಯ ಬುಡಕ್ಕೆ ಜಿನುಗುತ್ತದೆ. ಹೀಗಾಗಿ ರಸ್ತೆಯ ಅಂಚು ಒಂದು ಮಟ್ಟ, ನಡು ಇನ್ನೊಂದು ಮಟ್ಟ.

ಕಾಲುವೆ ಇದ್ದಲ್ಲಿ ಸಿಡಿ ಎನ್ನುವ ಮೋರಿಗಳು, ಸಣ್ಣ ಸೇತುವೆಗಳು ಇರಲೇಬೇಕು. ಸೇತುವೆಗೆ ಆಳದ ಬುನಾದಿ ಇರುವುದರಿಂದ ಅದು ಅಲ್ಲಾಡುವುದಿಲ್ಲ. ಅದರ ಎರಡೂ ಬದಿಗೆ ತುಂಬಿದ ಮಣ್ಣು ಮಾತ್ರ ವರ್ಷದಿಂದ ವರ್ಷಕ್ಕೆ ಕೂರುತ್ತದೆ. ಸೇತುವೆ ಏರುವಾಗ ಒಂದು ಏಟು, ಇಳಿಯುವಾಗ ಇನ್ನೊಂದು. ಕಾಲುವೆ ಸೀಮೆಯ ಕ್ಯಾಂಪು ಎನ್ನುವ ಹಳ್ಳಿಗಳ ಕಡೆ ಓಡಾಡುವವರಿಗೆ ಇದರ ಲೆಕ್ಕ ಬಾಯಿಪಾಠ. ಇದರ ಮೇಲೆ ನಾಟಿ ಕಾಲಕ್ಕೆ ಕೆಸರು ಹೊಡೆಯುವ ಟ್ರ್ಯಾಕ್ಟರುಗಳು ಕಬ್ಬಿಣದ ಗಾಲಿ ಬಿಚ್ಚದೇ ಡಾಂಬರಿನ ಮೇಲೆ ಹೊರಟರೆ ರಸ್ತೆಯ ಅಡ್ಡಕ್ಕೆ ಹಲ್ಲಿನ ಗುರುತು ಬೀಳುತ್ತದೆ. ಅದರ ಮೇಲೆ ಕಾರು ಗರ್ರ್ ಎನ್ನುತ್ತದೆ.

ಮಸ್ಕಿ ಹತ್ತಿರ ಬಂದಂತೆ ನೋಟ ಬದಲಾಗುತ್ತದೆ. ಗುಂಡುಗಲ್ಲಿನ ಗುಡ್ಡ, ನಡುನಡುವೆ ಮಸಾರಿ ನೆಲ. ಭೂವಿಜ್ಞಾನಿಗಳು ಹಟ್ಟಿ-ಮಸ್ಕಿ ಶಿಲಾಪಟ್ಟಿ ಎನ್ನುವ, ಚಿನ್ನ ಅಡಗಿರುವ ಕಲ್ಲಿನ ಸಾಲು ಇಲ್ಲಿಂದ ಲಿಂಗಸುಗೂರು ತಾಲ್ಲೂಕಿನೊಳಕ್ಕೆ ಹಾಯುತ್ತದೆ.    ಬುಡ ಗಟ್ಟಿ ಇರುವ ಕಡೆ ರಸ್ತೆ ಅಲೆಅಲೆಯಾಗುವುದು ಕಡಿಮೆ. ಅಲ್ಲಿ ಕಾಟ ಕೊಡುವುದು ಕಿತ್ತುಹೋದ ಜಲ್ಲಿ, ಚೂಪು ಅಂಚಿನ ತಗ್ಗು, ಒಳರಸ್ತೆಗಳ ಗರಸು.

ನೆಲದ ಮಾತು ಇಷ್ಟು ಯಾಕೆಂದರೆ ಕುಲುಕು ಎರಡು ಜಾತಿಯದು. ಒಂದು, ದೊಡ್ಡ ಅಲೆ: ಗಾಡಿ ಇಡಿಯಾಗಿ ಏಳುತ್ತದೆ, ಬೀಳುತ್ತದೆ. ಇನ್ನೊಂದು, ಚೂಪು ಏಟು: ಟಕ್ ಎಂದು ಬೆನ್ನುಹುರಿಗೆ ಬಡಿಯುತ್ತದೆ. ದೊಡ್ಡ ಅಲೆಯನ್ನು ತಡೆಯುವುದು ಸ್ಪ್ರಿಂಗು ಮತ್ತು ಶಾಕಪ್. ಚೂಪು ಏಟನ್ನು ನುಂಗುವುದು ಮುಖ್ಯವಾಗಿ ಟೈರು. ನಿಮ್ಮ ದೂರು ಯಾವ ಜಾತಿಯದು ಎಂದು ಮೊದಲು ಗೊತ್ತುಮಾಡಿಕೊಂಡರೆ ಅರ್ಧ ಖರ್ಚು ಉಳಿಯುತ್ತದೆ. ಟೈರಿನ ತಪ್ಪಿಗೆ ಶಾಕಪ್ ಬದಲಿಸಿದವರು ನಮ್ಮಲ್ಲಿ ಬೇಕಾದಷ್ಟು ಮಂದಿ.

ಇನ್ನು, ಸಣ್ಣ ಕಾರೇ ಯಾಕೆ ಹೆಚ್ಚು ಕುಲುಕಬೇಕು? ಕಾರಣ ತೂಕ. ಆಲ್ಟೊದಂಥ ಕಾರು ಖಾಲಿ ಇದ್ದಾಗ ತೂಗುವುದು ಸುಮಾರು 700ರಿಂದ 750 ಕೆ.ಜಿ. ಅದರಲ್ಲಿ ಐದು ಜನ ಕೂತರೆ 325 ಕೆ.ಜಿ. ಸೇರುತ್ತದೆ. ಹಿಂದೆ ಡಿಕ್ಕಿಯಲ್ಲಿ ನಮ್ಮ ಕಡೆಯ 75 ಕೆ.ಜಿ. ಭತ್ತದ ಚೀಲ ಒಂದನ್ನು ಹಾಕಿದರೆ ಗಾಡಿಯ ತೂಕದ ಅರ್ಧಕ್ಕಿಂತ ಹೆಚ್ಚು ಭಾರ ಅದರ ಮೇಲೆ ಬಿತ್ತು. 1,700 ಕೆ.ಜಿ. ತೂಗುವ ದೊಡ್ಡ ಗಾಡಿಗೆ ಅದೇ ಭಾರ ನಾಲ್ಕನೆಯ ಒಂದು ಪಾಲೂ ಆಗುವುದಿಲ್ಲ. ತುಂಬಿದಾಗ ಹೊಟ್ಟೆ ನೆಲಕ್ಕೆ ತಾಗಬಾರದೆಂದು ಸಣ್ಣ ಕಾರಿನ ಸ್ಪ್ರಿಂಗನ್ನು ಬಿಗಿಯಾಗಿಯೇ ಮಾಡಬೇಕಾಗುತ್ತದೆ. ಹಾಗೆ ಮಾಡಿದಾಗ ಒಬ್ಬರೇ ಕೂತು ಹೋಗುವ ದಿನ ಅದು ಗಡುಸು. ಹಿಂದೆ ಉಸುಕಿನ ಚೀಲ ಇಟ್ಟರೆ ಗಾಡಿ ಮೆತ್ತಗೆ ಹೋಗುತ್ತದೆ ಎಂದು ಹಳೆಯ ಡ್ರೈವರುಗಳು ಹೇಳುವುದರಲ್ಲಿ ಸತ್ಯವಿದೆ. ಆದರೆ ದಿನಾ ಉಸುಕು ಹೊತ್ತು ತಿರುಗಿ ಪೆಟ್ರೋಲು ಸುಡುವುದು ನನಗಂತೂ ಜಾಣತನವಾಗಿ ಕಾಣುವುದಿಲ್ಲ.

ಎರಡನೆಯ ಕಾರಣ ಗಾಲಿಯ ಗಾತ್ರ. 145/80 ಆರ್ 12 ಎಂದು ಬರೆದ ಟೈರಿನ ಹೊರ ವ್ಯಾಸ ಸುಮಾರು 537 ಮಿ.ಮೀ. 165/80 ಆರ್ 14ರದು ಸುಮಾರು 620. ಒಂದು ಅಡಿ ಉದ್ದದ ತಗ್ಗಿನ ಮೇಲೆ ಹಾಯುವಾಗ ಮೊದಲನೆಯದು ಸುಮಾರು 47 ಮಿ.ಮೀ. ಒಳಗಿಳಿದರೆ ಎರಡನೆಯದು ಇಳಿಯುವುದು 40. ಅದೇ ತಗ್ಗು ಸಣ್ಣ ಗಾಲಿಗೆ ದೊಡ್ಡದಾಗುತ್ತದೆ. ಹಳೆಯ ಅಂಬಾಸಿಡರನ್ನು ನಮ್ಮ ಭಾಗದವರು ಈಗಲೂ ನೆನೆಯುವುದು ಸುಮ್ಮನೆ ಅಲ್ಲ. ಅದಕ್ಕೆ 15 ಇಂಚಿನ ಗಾಲಿಯೂ ಇತ್ತು, 1,100 ಕೆ.ಜಿ. ಮೀರಿದ ಮೈಯೂ ಇತ್ತು.

ಮೂರನೆಯದು ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಅಂತರ. ಮಾರುತಿ 800ಕ್ಕೆ ಅದು 2,175 ಮಿ.ಮೀ., ಆಲ್ಟೊ 800ಕ್ಕೆ 2,360. ಗಂಟೆಗೆ 54 ಕಿ.ಮೀ. ವೇಗದಲ್ಲಿ ಮುಂದಿನ ಗಾಲಿ ಉಬ್ಬು ಹತ್ತಿದ ಮೇಲೆ ಸೆಕೆಂಡಿನ ಆರನೆಯ ಒಂದು ಭಾಗದೊಳಗೆ ಹಿಂದಿನದೂ ಹತ್ತುತ್ತದೆ. ಮೂಗು ಎದ್ದು ಇಳಿಯುವಷ್ಟರಲ್ಲಿ ಬಾಲ ಎದ್ದಿರುತ್ತದೆ, ಗಾಡಿ ತೂಗಾಡತೊಡಗುತ್ತದೆ. ಇದಕ್ಕೆ ಮದ್ದು ಹುಡುಕಿದವರಲ್ಲಿ ದೊಡ್ಡ ಹೆಸರು ಮಾರಿಸ್ ಆಲಿ ಅವರದು. ರೋಲ್ಸ್‌ರಾಯ್ಸ್‌ನಿಂದ ಅಮೆರಿಕದ ಜನರಲ್ ಮೋಟರ್ಸ್‌ಗೆ ಹೋದ ಈ ಬ್ರಿಟಿಷ್ ಎಂಜಿನಿಯರು 1930ರ ದಶಕದ ಮೊದಲಲ್ಲಿ ಭಾರಗಳನ್ನು ಹಿಂದೆ ಮುಂದೆ ಸರಿಸಿ ಪರೀಕ್ಷೆ ಮಾಡಿ ಕಂಡುಕೊಂಡದ್ದು ಇಷ್ಟು: ಮುಂದಿನ ಸ್ಪ್ರಿಂಗು ನಿಧಾನವಾಗಿಯೂ ಹಿಂದಿನದು ಸ್ವಲ್ಪ ಚುರುಕಾಗಿಯೂ ಇರಬೇಕು. ಆಗ ತಡವಾಗಿ ಶುರುವಾದ ಹಿಂಭಾಗ ಮುಂಭಾಗವನ್ನು ಬೇಗ ಹಿಡಿಯುತ್ತದೆ, ಗಾಡಿ ತೂಗಾಡದೆ ಸಮನಾಗಿ ಏರಿಳಿಯುತ್ತದೆ. ಇಂದಿನ ಕಾರುಗಳನ್ನು ರೂಪಿಸುವವರು ಈ ಲೆಕ್ಕವನ್ನು ಕಡೆಗಣಿಸುವುದಿಲ್ಲ. ಮುಂದಿನ ಸ್ಪ್ರಿಂಗಿಗೆ ನಾವು ರಬ್ಬರ್ ಬಫರು ತುರುಕಿದ ದಿನ ಆ ಲೆಕ್ಕ ಕೆಡುತ್ತದೆ. ಸದಾ ಮಂದಿ ತುಂಬಿಕೊಂಡು ಓಡುವ ಬಾಡಿಗೆ ಗಾಡಿಯ ಹಿಂದಿನ ಸ್ಪ್ರಿಂಗಿಗೆ ಬಫರು ಹಾಕಿದರೆ ಒಂದು ಅರ್ಥವಿದೆ, ಗಾಡಿ ನೆಲಕ್ಕೆ ಕೂರುವುದು ತಪ್ಪುತ್ತದೆ. ಮನೆಯ ಕಾರಿಗೆ ಅದನ್ನು ಮೆತ್ತಗಾಗಲಿ ಎಂದು ಹಾಕಿಸುವುದು ಉಲ್ಟಾ ಕೆಲಸ. ಬಫರು ಸ್ಪ್ರಿಂಗನ್ನು ಬಿಗಿ ಮಾಡುತ್ತದೆ, ಅದರ ಕಸುಬೇ ಅದು.

ರೈತರ ಸಣ್ಣ ಕಾರು ಮೆತ್ತಗೆ ಓಡಬಲ್ಲದು ಎಂದು ಜಗತ್ತಿಗೆ ತೋರಿಸಿದ್ದು ಫ್ರಾನ್ಸಿನ ಸಿಟ್ರೊಯೆನ್ ಕಂಪನಿ. 1930ರ ದಶಕದಲ್ಲಿ ಅದರ ಮುಖ್ಯಸ್ಥರಲ್ಲೊಬ್ಬನಾದ ಪಿಯೇರ್ ಬುಲಾಂಜೆ ತನ್ನ ಎಂಜಿನಿಯರುಗಳ ಮುಂದಿಟ್ಟ ಬೇಡಿಕೆ ಸಿಂಧನೂರಿನ ಸಾಹುಕಾರರೇ ಇಟ್ಟಂತಿದೆ. ರೈತರು ಕೂರಬೇಕು, ಜೊತೆಗೆ 50 ಕೆ.ಜಿ. ಆಲೂಗಡ್ಡೆ ಹಿಡಿಯಬೇಕು, ಕಚ್ಚಾ ದಾರಿಯಲ್ಲಿ ಓಡಬೇಕು, ಉತ್ತ ಹೊಲದಲ್ಲಿ ಹಾಯ್ದರೂ ಬುಟ್ಟಿಯಲ್ಲಿನ ಮೊಟ್ಟೆ ಒಡೆಯಬಾರದು. ಯುದ್ಧದಿಂದ ತಡವಾಗಿ 1948ರ ಪ್ಯಾರಿಸ್ ಪ್ರದರ್ಶನದಲ್ಲಿ ಹೊರಬಂದ ಆ ಕಾರಿನ ಹೆಸರು 2ಸಿವಿ. ಎಂಜಿನು ಬರೀ 375 ಸಿಸಿ, ಮೈ ತಗಡಿನ ಡಬ್ಬಿ. ನೋಡಿದವರು ನಕ್ಕರು. ಆದರೆ ಅದರ ಗಾಲಿಗಳು ಎತ್ತರ, ಸ್ಪ್ರಿಂಗಿನ ಓಡಾಟ ಉದ್ದ. ಒಂದು ಮಗ್ಗುಲಿನ ಮುಂದಿನ ಹಿಂದಿನ ಗಾಲಿಗಳನ್ನು ಕೆಳಗಿನ ಕೊಳವೆಯಲ್ಲಿದ್ದ ಸ್ಪ್ರಿಂಗುಗಳು ಪರಸ್ಪರ ಜೋಡಿಸಿದ್ದವು. ಮುಂದಿನದು ಉಬ್ಬು ಹತ್ತಿದರೆ ಹಿಂದಿನದಕ್ಕೆ ಆಗಲೇ ಸುದ್ದಿ ಮುಟ್ಟುತ್ತಿತ್ತು. 1990ರವರೆಗೆ ಅದನ್ನು ತಯಾರಿಸಿದರು. ತಿರುವಿನಲ್ಲಿ ಅದು ಹೆದರಿಕೆಯಾಗುವಷ್ಟು ವಾಲುತ್ತಿತ್ತು ಎಂಬುದನ್ನೂ ಹೇಳಬೇಕು. ಎಲ್ಲ ಸುಖಕ್ಕೂ ಒಂದು ಬೆಲೆ ಇದ್ದೇ ಇದೆ. ಅಂಥ ಸ್ಪ್ರಿಂಗಿನ ಕಾರು ನಮಗೆ ಸಿಗುವುದಿಲ್ಲ. ಇರುವುದರಲ್ಲಿ ಏನು ಮಾಡಬಹುದು ನೋಡೋಣ.

ಎಲ್ಲಕ್ಕಿಂತ ಅಗ್ಗದ ಮದ್ದು ಟೈರಿನ ಹವಾ. 1888ರ ಹೊತ್ತಿಗೆ ಬೆಲ್‌ಫಾಸ್ಟಿನಲ್ಲಿ ದನಗಳ ಡಾಕ್ಟರಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಗಾಲಿ ಸೈಕಲ್ಲು ಕುಲುಕುತ್ತದೆಂದು ರಬ್ಬರಿನೊಳಗೆ ಗಾಳಿ ತುಂಬಿದ. ಅದಕ್ಕೂ ಮುಂಚೆ 1845ರಲ್ಲೇ ಥಾಮ್ಸನ್ ಎಂಬಾತ ಇಂಥ ಟೈರಿಗೆ ಪೇಟೆಂಟ್ ತೆಗೆದಿದ್ದ, ಆಗ ಯಾರಿಗೂ ಬೇಕಾಗಿರಲಿಲ್ಲ. ನಮ್ಮಲ್ಲಿ ಕಬ್ಬಿಣದ ಪಟ್ಟಾ ಕಟ್ಟಿದ ಬಂಡಿಯಲ್ಲಿ ಬಾಣಂತಿಯನ್ನು ಕರೆತರುವಾಗ ಮೊಣಕಾಲುದ್ದ ಹುಲ್ಲು ಹಾಸಿ ಮೇಲೆ ಜಮಖಾನೆ ಹಾಕುತ್ತಿದ್ದರು. ಟೈರಿನೊಳಗಿನ ಹವಾ ಮಾಡುವುದು ಆ ಹುಲ್ಲಿನ ಕೆಲಸವನ್ನೇ. ಮುಂದೆ ಬಂಡಿಗೂ ಟೈರು ಬಂತು, ಅದನ್ನು ಡನ್‌ಲಪ್ ಗಾಡಿ ಎಂದೇ ಕರೆದರು.

ಪಂಕ್ಚರ್ ಅಂಗಡಿಯ ಮುಂದೆ ನಿಂತು ಕೇಳಿದರೆ ಈ ಮಾತು ಕಿವಿಗೆ ಬೀಳುತ್ತದೆ. "ಎಷ್ಟ್ ಹಾಕ್ಲಿರೀ ಸಾಹುಕಾರ್ರ?" "ಹಾಕಪಾ ನಲವತ್ತು, ಮಂದಿ ಭಾಳ ಅದಾರ." ಕಾರಿನ ಕಂಪನಿ ಎಷ್ಟು ಹೇಳಿದೆ ಎಂಬುದು ಡ್ರೈವರ್ ಬಾಗಿಲಿನ ಪಕ್ಕದ ಚೀಟಿಯಲ್ಲಿ ಅಂಟಿಸಿರುತ್ತದೆ. ಸಣ್ಣ ಕಾರುಗಳಿಗೆ ಅದು ಬಹುಮಟ್ಟಿಗೆ 30ರಿಂದ 35 ಪೌಂಡಿನ ಆಸುಪಾಸು. 32 ಇರಬೇಕಾದಲ್ಲಿ 40 ಹಾಕಿದರೆ ಟೈರಿನ ಬಿಗಿ ಹೆಚ್ಚೂಕಡಿಮೆ ಅದೇ ಪ್ರಮಾಣದಲ್ಲಿ, ಅಂದರೆ ಕಾಲುಭಾಗದಷ್ಟು ಏರುತ್ತದೆ. ಚೂಪು ಏಟು ನೆಟ್ಟಗೆ ಸೊಂಟಕ್ಕೆ. ತುಂಬಿದ ಗಾಡಿಗೆ ಎಷ್ಟು ಎಂಬುದನ್ನೂ ಅದೇ ಚೀಟಿಯಲ್ಲಿ ಬೇರೆಯಾಗಿ ಕೊಟ್ಟಿದ್ದರೆ ಅದನ್ನೇ ಪಾಲಿಸಿ.

ಬೇಸಿಗೆಯಲ್ಲಿ ಇದರ ಉಲ್ಟಾ ತಪ್ಪು ನಡೆಯುತ್ತದೆ, ಅದು ಜೀವಕ್ಕೇ ಅಪಾಯ. ನಮ್ಮ ರಾಯಚೂರು ಜಿಲ್ಲೆಯ ಬಿಸಿಲು 40 ಡಿಗ್ರಿ ದಾಟುವುದು ಹೊಸದೇನಲ್ಲ. ಟೈರು ಬಿಸಿಯಾದಂತೆ, ಐದಾರು ಡಿಗ್ರಿಗೆ ಒಂದು ಪೌಂಡಿನ ಲೆಕ್ಕದಲ್ಲಿ ಒಳಗಿನ ಒತ್ತಡ ಏರುತ್ತದೆ. ಹೆದ್ದಾರಿಯಲ್ಲಿ ಓಡಿ ಬಂದ ಟೈರು ನಾಲ್ಕೈದು ಪೌಂಡು ಹೆಚ್ಚು ತೋರಿಸುವುದು ಸಹಜ. ಅದನ್ನು ನೋಡಿ "ಒಡೆದೀತು" ಎಂದು ಹವಾ ಬಿಟ್ಟರೆ, ತಣ್ಣಗಾದ ಮೇಲೆ ಟೈರು ಸಡಿಲ ಬೀಳುತ್ತದೆ. ಸಡಿಲ ಟೈರಿನ ಮಗ್ಗುಲು ಓಡುವಾಗ ಹೆಚ್ಚು ಮಡಚಿ ಬಿಚ್ಚಿ ಕಾಯುತ್ತದೆ, ಒಡೆಯುವುದು ಆಗಲೇ. ಹಾಗಾಗಿ ಹವಾ ನೋಡಿಸುವುದು ಬೆಳಿಗ್ಗೆ, ಗಾಡಿ ಓಡುವ ಮುಂಚೆ ಅಥವಾ ಮನೆಯಿಂದ ಒಂದೆರಡು ಕಿಲೋಮೀಟರಿನೊಳಗೆ. ನೈಟ್ರೋಜನ್ ಹಾಕಿಸಿದರೆ ಮೆತ್ತಗಾಗುತ್ತದೆಯೇ ಎಂದು ಕೇಳುವವರಿದ್ದಾರೆ. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ. ಅದು ಸೋರುವುದು ಸ್ವಲ್ಪ ನಿಧಾನ ಎನ್ನುವುದು ಬಿಟ್ಟರೆ ಕುಲುಕಾಟಕ್ಕೆ ಸಂಬಂಧವಿಲ್ಲ.

ಟೈರಿನ ವಯಸ್ಸನ್ನು ಯಾರೂ ನೋಡುವುದಿಲ್ಲ. ಮಗ್ಗುಲಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರ ತಯಾರಾದದ್ದು. ನಮ್ಮ ಬಿಸಿಲಿಗೆ ಐದಾರು ವರ್ಷ ಬೆಂದ ರಬ್ಬರು, ಗೀರು ಉಳಿದಿದ್ದರೂ ಕಲ್ಲಾಗಿರುತ್ತದೆ. ಕಡಿಮೆ ಓಡಿದ ಮೇಷ್ಟರ ಕಾರೊಂದು ಏಕಾಏಕಿ ಗಡುಸಾಗಿದ್ದರೆ ಬಹಳ ಸಲ ಕಾರಣ ಇದೇ.

ಟೈರು ಬದಲಿಸುವಾಗ ಹುಡುಗರು ದೊಡ್ಡ ಅಲಾಯ್ ಗಾಲಿ ಕೇಳುತ್ತಾರೆ. ಸ್ವಿಫ್ಟಿನ ಉದಾಹರಣೆ ತಗೊಳ್ಳಿ. 165/80 ಆರ್ 14 ಟೈರಿಗೂ 185/65 ಆರ್ 15 ಟೈರಿಗೂ ಒಟ್ಟು ಎತ್ತರದಲ್ಲಿ ಎರಡು ಮಿ.ಮೀ. ವ್ಯತ್ಯಾಸವೂ ಇಲ್ಲ. ಆದರೆ ರಿಮ್ಮಿನಿಂದ ನೆಲದವರೆಗಿನ ರಬ್ಬರಿನ ದಪ್ಪ ಮೊದಲನೆಯದಕ್ಕೆ 132 ಮಿ.ಮೀ., ಎರಡನೆಯದಕ್ಕೆ 120. ಇನ್ನೂ ಮುಂದೆ ಹೋಗಿ 195/55 ಆರ್ 16 ಹಾಕಿದರೆ 107. ಲೋಹ ಹೆಚ್ಚಾದಷ್ಟು ಹವಾದ ಹಾಸಿಗೆ ತೆಳ್ಳಗಾಯಿತು. ಶೋಕಿಗೆ ಹಾಕಿಸುವುದಾದರೆ ಶೋಕಿಗೆ ಎಂದೇ ಹಾಕಿಸಿ. ನಮ್ಮ ತಗ್ಗುಗಳಿಗೆ ಸಣ್ಣ ರಿಮ್ಮು, ದಪ್ಪ ರಬ್ಬರೇ ಸರಿ. ಕಂಪನಿ ಒಪ್ಪಿದ ಅಳತೆ ಮೀರಿದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ವಿಮೆಯ ತಕರಾರು ಎಲ್ಲವೂ ಬೆನ್ನಿಗೆ ಬರುತ್ತವೆ.

ಮಳೆಗಾಲದಲ್ಲಿ ನಮ್ಮ ಭಾಗಕ್ಕೇ ವಿಶೇಷವಾದ ಒಂದು ರೋಗವಿದೆ. ಹೊಲಕ್ಕೋ ಕ್ಯಾಂಪಿಗೋ ಹೋಗಿ ಬಂದ ಮರುದಿನ ಹೆದ್ದಾರಿಯಲ್ಲಿ 70-80 ಮುಟ್ಟಿದ ಕೂಡಲೇ ಸ್ಟಿಯರಿಂಗ್ ನಡುಗುತ್ತದೆ. ಅಲೈನ್‌ಮೆಂಟ್ ಹೋಯಿತು, ಶಾಕಪ್ ಹೋಯಿತು ಎಂದು ಗ್ಯಾರೇಜಿಗೆ ಓಡುವ ಮೊದಲು ಬಗ್ಗಿ ರಿಮ್ಮಿನ ಒಳಬದಿ ನೋಡಿ. ಅಂಟಿದ ಎರೆ ಮಣ್ಣು ಒಣಗಿ ಹೆಂಟೆಯಾಗಿ ಒಂದು ಕಡೆ ಕೂತಿರುತ್ತದೆ. ಗಾಲಿ ಸಮತೂಕ ಮಾಡಲು ಮಿಸ್ತ್ರಿಗಳು ಹತ್ತು ಇಪ್ಪತ್ತು ಗ್ರಾಮಿನ ಸೀಸ ಹಚ್ಚುವ ಜಾಗದಲ್ಲಿ ಎರೆ ಮಣ್ಣು ಅದರ ಹತ್ತು ಪಟ್ಟು ಕೂತಿದ್ದರೆ ನಡುಗದೇ ಇರುತ್ತದೆಯೇ? ಒಂದು ಬಕೆಟ್ ನೀರು, ಒಂದು ಕಡ್ಡಿ ಸಾಕು.

ಈಗ ಶಾಕಪ್. ಸ್ಪ್ರಿಂಗು ಏಟನ್ನು ನುಂಗಿ ಇಟ್ಟುಕೊಳ್ಳುತ್ತದೆ, ಕೊಲ್ಲುವುದಿಲ್ಲ. ಆ ಶಕ್ತಿಯನ್ನು ಎಣ್ಣೆಯ ಸಣ್ಣ ರಂಧ್ರಗಳಲ್ಲಿ ಹಾಯಿಸಿ ಬಿಸಿಯಾಗಿ ಕರಗಿಸುವುದು ಶಾಕಪ್ಪಿನ ಕೆಲಸ. ಅದು ಸತ್ತರೆ ಗಾಡಿ ಒಂದು ಉಬ್ಬಿಗೆ ಮೂರು ಸಲ ಕುಣಿಯುತ್ತದೆ. ಬಾನೆಟ್ಟಿನ ಮೂಲೆಯನ್ನು ಒತ್ತಿ ಬಿಟ್ಟು ನೋಡುವ ಪರೀಕ್ಷೆ ಎಲ್ಲರಿಗೂ ಗೊತ್ತು. ಆದರೆ ಅದರಲ್ಲಿ ಸಿಕ್ಕಿಬೀಳುವುದು ಪೂರಾ ಸತ್ತ ಶಾಕಪ್ ಮಾತ್ರ. ಅರ್ಧ ಸತ್ತದ್ದನ್ನು ಹಿಡಿಯಲು ಬೇರೆ ಗುರುತುಗಳಿವೆ. ಶಾಕಪ್ಪಿನ ಮೈಗೆ ಎಣ್ಣೆ ಸೋರಿ ಧೂಳು ಮೆತ್ತಿರುತ್ತದೆ. ಟೈರಿನ ಮೇಲೆ ಕೈ ಆಡಿಸಿದರೆ ಸಮನಾಗಿ ಸವೆಯದೆ ಅಲ್ಲಲ್ಲಿ ಕುಳಿ ಬಿದ್ದಿರುತ್ತವೆ. ಇನ್ನೊಂದನ್ನು ರಸ್ತೆಯೇ ಹೇಳುತ್ತದೆ. ಹತ್ತು ಮೀಟರಿಗೊಂದು ಅಲೆ ಇರುವ ರಸ್ತೆಯಲ್ಲಿ ಗಂಟೆಗೆ 54 ಕಿ.ಮೀ. ವೇಗದಲ್ಲಿ ಹೋದರೆ ಸೆಕೆಂಡಿಗೆ ಒಂದೂವರೆ ಸಲ ಗಾಡಿಯನ್ನು ಎತ್ತಿದಂತಾಗುತ್ತದೆ. ಸಣ್ಣ ಕಾರು ತನ್ನ ಸ್ಪ್ರಿಂಗಿನ ಮೇಲೆ ತಾನಾಗಿ ಏರಿಳಿಯುವ ಲಯವೂ ಹೆಚ್ಚೂಕಡಿಮೆ ಅದೇ. ಎರಡೂ ಕೂಡಿದರೆ ಉಯ್ಯಾಲೆ ಜೀಕಿದಂತೆ ಏರಿಳಿತ ಬೆಳೆಯುತ್ತಾ ಹೋಗುತ್ತದೆ. ಶಾಕಪ್ ಚೆನ್ನಾಗಿದ್ದರೆ ತಡೆಯುತ್ತದೆ, ಇಲ್ಲವಾದರೆ ಯಾವುದೋ ಒಂದೇ ವೇಗದಲ್ಲಿ ಗಾಡಿ ಹುಚ್ಚು ಹಿಡಿದಂತೆ ಕುಣಿಯುತ್ತದೆ. ಆ ಹೊತ್ತಿಗೆ ವೇಗವನ್ನು ಹತ್ತು ಹನ್ನೆರಡು ಕಿಲೋಮೀಟರು ಇಳಿಸಿದರೆ ಲಯ ತಪ್ಪಿ ಸಮಾಧಾನವಾಗುತ್ತದೆ, ಶಾಕಪ್ಪನ್ನು ಆಮೇಲೆ ನೋಡಿಸಬಹುದು.

ಬದಲಿಸುವಾಗ ಎಡಬಲ ಜೋಡಿಯಾಗಿಯೇ ಬದಲಿಸಬೇಕು. ಮೇಲಿನ ಮೌಂಟು, ಒಳಗಿನ ರಬ್ಬರು, ಧೂಳು ತಡೆಯುವ ಚೀಲ ಇವನ್ನೂ ಹೊಸದು ಹಾಕಿಸಿ. ಅಲ್ಲಿ ಉಳಿಸಿದ ದುಡ್ಡು ಮತ್ತೆ ಬಿಚ್ಚುವ ಮಜೂರಿಗೇ ಹೋಗುತ್ತದೆ.

ಟಕ್ ಟಕ್ ಸದ್ದು ಬಹಳ ಸಲ ಶಾಕಪ್ಪಿನದಲ್ಲ, ಲಿಂಕ್ ರಾಡಿನದು, ಇಲ್ಲವೇ ಆರ್ಮಿನ ಬುಷ್ಷಿನದು. ಬುಷ್ ಎಂದರೆ ಎರಡು ಕಬ್ಬಿಣದ ನಡುವೆ ಕೂತ ರಬ್ಬರು. ಅದು ಹರಿದರೆ ಕಬ್ಬಿಣಕ್ಕೆ ಕಬ್ಬಿಣ ಬಡಿದು ಸಣ್ಣ ಕಲ್ಲಿನ ಸದ್ದೂ ಒಳಗೆ ಬರುತ್ತದೆ. ನಮ್ಮ ಗ್ಯಾರೇಜುಗಳಲ್ಲಿ ಕೈಚಳಕದ ಮಿಸ್ತ್ರಿಗಳಿಗೆ ಕೊರತೆಯಿಲ್ಲ, ಆದರೂ ಒಂದು ಮಾತನ್ನು ಅವಸರದಲ್ಲಿ ಮರೆಯುತ್ತಾರೆ. ಗಾಡಿಯನ್ನು ಜಾಕಿನ ಮೇಲೆ ಎತ್ತಿ, ಗಾಲಿ ಜೋತುಬಿದ್ದಿರುವಾಗಲೇ ಬುಷ್ಷಿನ ಬೋಲ್ಟನ್ನು ಪೂರಾ ಬಿಗಿದುಬಿಡುತ್ತಾರೆ. ಗಾಡಿ ಕೆಳಗಿಳಿದಾಗ ರಬ್ಬರು ನಿಂತಲ್ಲೇ ತಿರುಚಿಕೊಂಡಿರುತ್ತದೆ. ಹೊಸ ಬುಷ್ ಬೇಗ ಹರಿಯುವುದಕ್ಕೂ, ಕೆಲಸ ಮಾಡಿಸಿದ ಮೇಲೂ ಗಾಡಿ ಬಿರುಸಾಗಿರುವುದಕ್ಕೂ ಇದು ಕಾರಣ. ಜಾಕಿನಲ್ಲಿ ಸಡಿಲವಾಗಿ ಹಾಕಿ, ಗಾಲಿ ನೆಲದ ಮೇಲೆ ಭಾರ ಹೊತ್ತಾಗ ಕೊನೆಯ ಬಿಗಿ ಕೊಡಬೇಕು. "ಅಣ್ಣಾ, ಇಳಿಸಿದ ಮ್ಯಾಲೆ ಬಿಗಿ ಮಾಡ್ರಿ" ಎಂದು ನಗುತ್ತಾ ಹೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಎಂಜಿನಿನ ನಡುಕವನ್ನು ರಸ್ತೆಯ ಲೆಕ್ಕಕ್ಕೆ ಹಚ್ಚುವವರೂ ಇದ್ದಾರೆ. ಮೂರು ಸಿಲಿಂಡರಿನ ಎಂಜಿನಿಗೆ ಹುಟ್ಟಿನಿಂದಲೇ ಸ್ವಲ್ಪ ನಡುಕವಿರುತ್ತದೆ. ಗಾಡಿ ನಿಂತಾಗಲೂ ಸೀಟು ಜುಮ್ಮೆನ್ನುತ್ತಿದ್ದರೆ ಎಂಜಿನ್ ಮೌಂಟಿನ ರಬ್ಬರು ನೋಡಿಸಿ, ಮುಗಿಯಿತು.

ಇನ್ನು ಓಡಿಸುವ ಕೈ. ಹಂಪು ಕಂಡಾಗ ನಮ್ಮವರು ಹಂಪಿನ ಮೇಲೇ ಬ್ರೇಕ್ ಒತ್ತುತ್ತಾರೆ. ಬ್ರೇಕ್ ಒತ್ತಿದಾಗ ಗಾಡಿಯ ಮೂಗು ಬಗ್ಗಿ ಮುಂದಿನ ಸ್ಪ್ರಿಂಗು ಆಗಲೇ ಅರ್ಧ ಮುದುಡಿರುತ್ತದೆ, ಏಟು ನುಂಗಲು ಜಾಗ ಎಲ್ಲಿ ಉಳಿಯಿತು? ಮುಂಚೆಯೇ ವೇಗ ಇಳಿಸಿ, ಗಾಲಿ ಹಂಪನ್ನು ಮುಟ್ಟುವ ಮೊದಲೇ ಬ್ರೇಕಿನಿಂದ ಕಾಲು ತೆಗೆಯಬೇಕು. ತಗ್ಗಿಗೂ ಕಾಲುವೆಯ ಸೇತುವೆಗೂ ಇದೇ ಮಾತು. ರಸ್ತೆ ಎಂಜಿನಿಯರುಗಳ ಸಂಸ್ಥೆಯಾದ ಐಆರ್‌ಸಿಯ 1988ರ ನಿಯಮದ ಪ್ರಕಾರ ಹಂಪು 3.7 ಮೀಟರು ಅಗಲ, 10 ಸೆಂ.ಮೀ. ಎತ್ತರ ಇರಬೇಕು, ಗಂಟೆಗೆ 25 ಕಿ.ಮೀ. ವೇಗದಲ್ಲಿ ಸುಖವಾಗಿ ದಾಟುವಂತಿರಬೇಕು. ಊರ ಮಂದಿ ರಾತ್ರೋರಾತ್ರಿ ಹಾಕುವ ಹಂಪಿಗೆ ಐಆರ್‌ಸಿ ಗೊತ್ತಿಲ್ಲ. ಅಲ್ಲಿ ಮಕ್ಕಳು ಗಾಡಿಗೆ ಸಿಕ್ಕಿದ ಕಥೆ ಇರುತ್ತದೆ, ಊರವರನ್ನು ಬೈಯುವ ಮನಸ್ಸು ನನಗಿಲ್ಲ. ಗರಸು ದಾರಿಯ ಗೆರೆಗೆರೆ ಮೇಲೆ ಜೋರು ಹೋದರೆ ಕುಲುಕು ಕಡಿಮೆ ಎಂಬುದು ನಿಜ. ಆದರೆ ಆಗ ಗಾಲಿಗಳು ಗೆರೆಯ ತುದಿಯಿಂದ ತುದಿಗೆ ಹಾರುತ್ತಿರುತ್ತವೆ. ಆ ಹೊತ್ತಿನಲ್ಲಿ ಕುರಿಮಂದೆ ಅಡ್ಡ ಬಂದರೆ ಬ್ರೇಕೂ ಹಿಡಿಯುವುದಿಲ್ಲ, ಸ್ಟಿಯರಿಂಗೂ ಕೇಳುವುದಿಲ್ಲ.

ಇಷ್ಟೆಲ್ಲ ಯಾಕೆ, ಸ್ವಲ್ಪ ಕುಲುಕಿದರೆ ಏನಾಯಿತು ಎನ್ನುವ ಗಟ್ಟಿ ಮಂದಿಯೂ ಇದ್ದಾರೆ. ಆದರೆ ನಮ್ಮ ಭಾಗದಲ್ಲಿ ಸಣ್ಣ ಕಾರು ಎಷ್ಟೋ ಸಲ ಆಂಬುಲೆನ್ಸೂ ಹೌದು. ರಾಯಚೂರಿನ ರಿಮ್ಸ್‌ಗೋ, ಬಳ್ಳಾರಿಗೋ, ಬಾಗಲಕೋಟೆಗೋ ಬೆನ್ನು ನೋವಿನವರನ್ನು, ಆಪರೇಷನ್ ಆದವರನ್ನು ಕರೆದೊಯ್ಯುವುದು ಇದರಲ್ಲೇ. ಸೆಕೆಂಡಿಗೆ 4ರಿಂದ 8 ಸಲದ ಮೇಲುಕೆಳಗಿನ ಕುಲುಕು ಮನುಷ್ಯನ ಬೆನ್ನಿಗೆ ಎಲ್ಲಕ್ಕಿಂತ ಹೆಚ್ಚು ತಾಗುತ್ತದೆ ಎಂದು ಪರೀಕ್ಷೆಗಳಲ್ಲಿ ಕಂಡಿದ್ದಾರೆ. ಗಡುಸು ಟೈರಿನ ಗಾಡಿ ಒರಟು ರಸ್ತೆಯಲ್ಲಿ ಕೊಡುವ ಏಟುಗಳಲ್ಲಿ ಇವು ಬೇಕಾದಷ್ಟು ಇರುತ್ತವೆ.

ಅಂಥ ಪ್ರಯಾಣಕ್ಕೆ ಹೊರಡುವ ಬೆಳಿಗ್ಗೆ ಹವಾ ಸರಿಯಾಗಿದೆಯೇ ನೋಡಿ, ಡಿಕ್ಕಿಯಲ್ಲಿ ಬೇಡದ ಭಾರ ಇಳಿಸಿ. ಸಾಮಾನು ಇಡಲೇಬೇಕಾದರೆ ಹಿಂದಿನ ಸೀಟಿನ ಮುಂದೆ ಕೆಳಗೆ ಇಡಿ. ರೋಗಿಯನ್ನು ಹಿಂದೆ ಉದ್ದಕ್ಕೆ ಮಲಗಿಸಿದರೆ ಸುಖ ಎಂದು ನಾವು ತಿಳಿಯುತ್ತೇವೆ. ಆದರೆ ಸಣ್ಣ ಕಾರಿನ ಹಿಂದಿನ ಸೀಟು ಹಿಂದಿನ ಗಾಲಿಗೆ ಹತ್ತಿರವಿರುವುದರಿಂದ ಅಲ್ಲೇ ಏಟು ಹೆಚ್ಚು. ಕೆಕೆಆರ್‌ಟಿಸಿ ಬಸ್ಸಿನ ಕೊನೆಯ ಸೀಟಿನಲ್ಲಿ ಕೂತವರಿಗೆ ಇದು ಗೊತ್ತು. ಎರಡು ಗಾಲಿಗಳ ನಡುವಿಗೆ ಹತ್ತಿರವಾದ ಜಾಗ ಮುಂದಿನ ಎಡ ಸೀಟು. ಡಾಕ್ಟರು ಮಲಗಿಸಿಯೇ ತನ್ನಿ ಎನ್ನದಿದ್ದರೆ ಬೆನ್ನು ನೋವಿನವರಿಗೆ ಅದೇ ಒಳ್ಳೆಯದು: ಸೀಟನ್ನು ಹಿಂದಕ್ಕೆ ಸರಿಸಿ, ಬೆನ್ನನ್ನು ತುಸು ಒರಗಿಸಿ, ಸೊಂಟದ ಹಿಂದೆ ಮಡಚಿದ ಟವಲ್ ಇಟ್ಟು, ಬೆಲ್ಟು ಹಾಕಿ. ಆ ಸೀಟು ಮನೆಯ ಹಿರಿಯರದೆಂಬುದು ನಮ್ಮ ಕಡೆಯ ರೂಢಿ. "ಮಾವಾರ, ಇವತ್ತೊಂದಿನ ನೀವು ಹಿಂದ ಕೂಡ್ರಿ" ಎಂದು ಹೇಳುವ ಧೈರ್ಯ ಮನೆಯಲ್ಲಿ ಯಾರಾದರೂ ಮಾಡಬೇಕು.